ಮನೆಯ ಹಳೇ ಚೀಟಿಯ ಬೇಕ್ಡ್ ಮ್ಯಾಕರೋನಿ ನಮ್ಮ ಕೈಲಿ ಯಾಕೆ ಹಾಗೇ ಬರಲ್ಲ?

ಎಲ್ರಿಗೂ ನಮಸ್ಕಾರ. ಇವತ್ತು ಮಾತಾಡ್ತಿರೋದು ಓವನ್‌ನಲ್ಲಿ ಬೇಯಿಸೋ ಮ್ಯಾಕರೋನಿ ಚೀಸ್ ಕ್ಯಾಸರೋಲ್ ಬಗ್ಗೆ. ಅಜ್ಜಿಯಿಂದ ಅಮ್ಮಂಗೆ, ಅಮ್ಮನಿಂದ ಮಕ್ಕಳಿಗೆ ಅಂತ ಎಷ್ಟೋ ಮನೆಗಳಲ್ಲಿ ಕೈಯಿಂದ ಕೈಗೆ ಬಂದಿರೋ ಅಡುಗೆ ಇದು. ರೆಸಿಪಿ ಬರೆದಿಟ್ಟ ಚೀಟಿ ಇರುತ್ತೆ, ಚೀಟಿಯಲ್ಲಿ ಇರೋದನ್ನೇ ಹಾಕಿರ್ತೀವಿ, ಆದ್ರೂ ಒಂದೋ ಒಣಗಿ ಗಟ್ಟಿ ಆಗಿರುತ್ತೆ, ಇಲ್ಲಾ ಸಾಸ್ ಒಡೆದು ಮೇಲೆಲ್ಲಾ ಜಿಡ್ಡು ತೇಲ್ತಿರುತ್ತೆ, ಆಮೇಲೆ "ಅವ್ರ ಕೈರುಚಿ ನಮಗೆಲ್ಲಿ ಬರ್ಬೇಕು" ಅಂತ ಕೈಬಿಟ್ಟುಬಿಡ್ತೀವಿ. ನಾನಂತೂ ಇದನ್ನ ಒಪ್ಪಲ್ಲ. ಚೀಟಿಯಲ್ಲಿ ಸಾಮಾನು ಇರುತ್ತೆ, ಹದ ಇರಲ್ಲ, ಅಷ್ಟೇ ವ್ಯತ್ಯಾಸ. ಹದ ಅನ್ನೋದು ಕಲಿಯೋಕೆ ಆಗೋ ವಿಷ್ಯನೇ.

ಈ ಅಡುಗೆ ತುಂಬಾ ಹಳೇದು. 1769ರಲ್ಲೇ ಇಂಗ್ಲೆಂಡಿನ ಎಲಿಜಬೆತ್ ರಾಫಲ್ಡ್ ಅನ್ನೋರು ಬರೆದಿಟ್ಟಿದ್ದಾರೆ: ಬೇಯಿಸಿದ ಮ್ಯಾಕರೋನಿ, ಕ್ರೀಮ್, ಮೈದಾದಲ್ಲಿ ಹೊರಳಿಸಿದ ಬೆಣ್ಣೆ, ಮೇಲೆ ಪಾರ್ಮೆಸಾನ್ ಚೀಸ್. 1802ರಲ್ಲಿ ಅಮೆರಿಕದ ಅಧ್ಯಕ್ಷ ಜೆಫರ್ಸನ್ ತಮ್ಮ ಔತಣದಲ್ಲಿ ಮ್ಯಾಕರೋನಿ ಪೈ ಬಡಿಸಿದ್ರು ಅಂತ ದಾಖಲೆ ಇದೆ. ಅವರ ಮನೆ ಅಡುಗೆಗೆ ಫ್ರೆಂಚ್ ವಿದ್ಯೆ ತಂದಿದ್ದು ಜೇಮ್ಸ್ ಹೆಮಿಂಗ್ಸ್, ಗುಲಾಮಗಿರಿಯಲ್ಲಿದ್ದು ಪ್ಯಾರಿಸ್‌ನಲ್ಲಿ ಅಡುಗೆ ಕಲಿತ ಬಾಣಸಿಗ. ಆಮೇಲೆ ಇದನ್ನ ತಲೆಮಾರುಗಳ ಕಾಲ ಉಳಿಸಿ ಬೆಳೆಸಿದ್ರಲ್ಲಿ ಆಫ್ರಿಕನ್ ಅಮೆರಿಕನ್ ಮನೆಗಳ ಪಾಲು ತುಂಬಾ ದೊಡ್ಡದು, ಈಗ್ಲೂ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಇದನ್ನ ಯಾರು ಮಾಡ್ತಾರೆ ಅನ್ನೋದು ಅಲ್ಲಿ ಸಣ್ಣ ವಿಷ್ಯ ಅಲ್ಲ. ಡಬ್ಬಿಯಲ್ಲಿ ಬರೋ ಕ್ರಾಫ್ಟ್ ಕಂಪನಿಯ ರೆಡಿಮೇಡ್ ಮ್ಯಾಕರೋನಿ ಚೀಸ್ ಬಂದಿದ್ದು 1937ರಲ್ಲಿ, ಅದನ್ನ ಇವತ್ತು ಬಿಡೋಣ.

ಮೊದ್ಲು ಚೀಟಿ ನೋಡಿ, ಮೊಟ್ಟೆ ಇದೆಯಾ ಅಂತ. ಮೊಟ್ಟೆ, ಹಾಲು, ಚೀಸ್ ಕಲಸಿ ಮ್ಯಾಕರೋನಿ ಮೇಲೆ ಸುರಿಯೋ ಮನೆಗಳದ್ದು ಒಂದು ಪದ್ಧತಿ, ಅದು ಕಸ್ಟರ್ಡ್ ಥರ ಸೆಟ್ ಆಗುತ್ತೆ, ಚಾಕು ಹಾಕಿದ್ರೆ ನೀಟಾಗಿ ತುಂಡಾಗಿ ಬರುತ್ತೆ. ಮೊಟ್ಟೆ ಇಲ್ಲ, ಬೆಣ್ಣೆ ಮೈದಾ ಇದೆ ಅಂದ್ರೆ ಅದು ವೈಟ್ ಸಾಸ್ ಪದ್ಧತಿ, ಸ್ಪೂನಲ್ಲಿ ಎತ್ತಿದ್ರೆ ಜಾರಬೇಕು. ಎರಡೂ ಸರಿ. ನಾನು ಇವತ್ತು ಹೇಳೋದು ಎರಡನೇದು, ಯಾಕಂದ್ರೆ ಜಾಸ್ತಿ ಕೆಡೋದು ಇದೇ.

400 ಗ್ರಾಂ ಮ್ಯಾಕರೋನಿಗೆ 60 ಗ್ರಾಂ ಬೆಣ್ಣೆ, ಅಷ್ಟೇ ತೂಕದ ಮೈದಾ, ಒಂದು ಲೀಟರ್ ಹಾಲು, 350 ಗ್ರಾಂ ಚೀಸ್. ಪ್ಯಾಕೆಟ್ ಮೇಲೆ ಎಷ್ಟು ನಿಮಿಷ ಅಂತ ಇದೆಯೋ ಅದಕ್ಕಿಂತ ಮೂರು ನಿಮಿಷ ಮೊದ್ಲೇ ಮ್ಯಾಕರೋನಿ ಬಸಿದುಬಿಡಿ. ಕಚ್ಚಿದ್ರೆ ನಡುವೆ ಸ್ವಲ್ಪ ಗಟ್ಟಿ ಇರ್ಬೇಕು. ಅದು ಓವನ್ ಒಳಗೆ ಸಾಸ್‌ನಲ್ಲಿರೋ ನೀರು ಕುಡೀತಾನೇ ಇರುತ್ತೆ, ಪೂರ್ತಿ ಬೆಂದಿದ್ದನ್ನ ಹಾಕಿದ್ರೆ ಕೊನೆಗೆ ಮುದ್ದೆ ಆಗುತ್ತೆ, ಸಾಸೂ ಉಳಿಯಲ್ಲ.

[ಕ್ಲೋಸಪ್: ಬಾಣಲೆ, ಬೆಣ್ಣೆಯಲ್ಲಿ ಮೈದಾ]

ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿಸಿ ಮೈದಾ ಹಾಕಿ, ಹಸಿ ವಾಸನೆ ಹೋಗೋವರೆಗೂ ಒಂದೆರಡು ನಿಮಿಷ ಕೈಯಾಡಿಸಿ, ಬಣ್ಣ ತಿರುಗೋದು ಬೇಡ. ಹಾಲು ಸ್ವಲ್ಪ ಸ್ವಲ್ಪ ಸೇರಿಸ್ತಾ ಗಂಟು ಒಡೀತಾ ಹೋಗಿ, ಎಲ್ಲಾ ಹಾಕಿದ್ಮೇಲೆ ಒಂದು ಕುದಿ ಬರ್ಲೇಬೇಕು. ತುಂಬಾ ಜನ ಇಲ್ಲೇ ಅವಸರ ಮಾಡ್ತಾರೆ. ಮೈದಾದ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿದ್ರೇನೇ ಸಾಸ್ ಗಟ್ಟಿಯಾಗೋದು, ಕುದಿ ಬರೋ ಹೊತ್ತಿಗೇ ಅದು ಪೂರ್ತಿ ಆಗೋದು. ಮರದ ಸೌಟು ಅದ್ದಿ ತೆಗೆದು ಅದರ ಬೆನ್ನ ಮೇಲೆ ಬೆರಳಲ್ಲಿ ಗೆರೆ ಎಳೀರಿ, ಗೆರೆ ಹಾಗೇ ನಿಂತ್ರೆ ಸಾಕು. ದೊಡ್ಡವರು ಮಾತಾಡ್ತಾ ಮಾತಾಡ್ತಾ ಸೌಟು ಎತ್ತಿ ನೋಡಿ ಒಲೆ ಆರಿಸ್ತಾರಲ್ಲ, ನೋಡ್ತಿರೋದು ಇದನ್ನೇ, ಆದ್ರೆ ಚೀಟಿಯಲ್ಲಿ ಇದನ್ನ ಯಾರೂ ಬರೆಯಲ್ಲ. ಇನ್ನೂ ಸ್ವಲ್ಪ ಗಟ್ಟಿ ಆಗ್ಲಿ ಅಂತ ಕಾಯ್ಬೇಡಿ, ಮಿಕ್ಕಿದ್ದನ್ನ ಓವನ್ ನೋಡ್ಕೊಳ್ಳುತ್ತೆ.

ಈಗ ಚೀಸ್. ಒಲೆ ಆರಿಸಿ, ಒಂದು ನಿಮಿಷ ಬಿಟ್ಟು, ಆಮೇಲೆ ಹಾಕಿ. ಚೀಸಲ್ಲಿ ಪ್ರೋಟೀನ್ ಬಲೆ ಥರ ಕೊಬ್ಬನ್ನೂ ನೀರನ್ನೂ ಹಿಡ್ಕೊಂಡಿರುತ್ತೆ, ಶಾಖ ಜಾಸ್ತಿ ಆದ್ರೆ ಅದು ಬಿಗಿಯಾಗಿ ಕೊಬ್ಬನ್ನ ಹೊರಗೆ ಹಿಂಡಿಬಿಡುತ್ತೆ, ಸಾಸ್ ಒಡೆಯೋದು, ಬಾಯಿಗೆ ಮರಳು ಮರಳಾಗಿ ಸಿಗೋದು ಎಲ್ಲಾ ಅದಕ್ಕೇ. ಹೆಚ್ಚು ದಿನ ಮಾಗಿದ ಚೀಸ್‌ಗೆ ರುಚಿ ಜಾಸ್ತಿ ಆದ್ರೆ ಬೇಗ ಒಡೆಯುತ್ತೆ, ಹಾಗಾಗಿ ಅರ್ಧ ಮಾಗಿದ ಚೆಡ್ಡಾರ್, ಅರ್ಧ ಮೆತ್ತಗೆ ಕರಗೋ ಚೀಸ್ ಸೇರಿಸಿ. ದಯವಿಟ್ಟು ನೀವೇ ತುರ್ಕೊಳ್ಳಿ. ಪ್ಯಾಕೆಟಲ್ಲಿ ತುರಿದು ಬರೋದಕ್ಕೆ ಅಂಟದೇ ಇರ್ಲಿ ಅಂತ ಪಿಷ್ಟನೋ ಸೆಲ್ಯುಲೋಸೋ ಪುಡಿ ಹಾಕಿರ್ತಾರೆ, ಅದು ನಯವಾಗಿ ಕರಗಲ್ಲ.

ಬಸಿದಿಟ್ಟ ಮ್ಯಾಕರೋನಿನ ಈ ಸಾಸ್‌ಗೆ ಕಲಸಿ ಟ್ರೇಗೆ ಸುರೀರಿ. ಓವನ್ 180 ಡಿಗ್ರಿ ಸೆಲ್ಸಿಯಸ್, 25ರಿಂದ 30 ನಿಮಿಷ. ಅಂಚಲ್ಲಿ ಬುಳುಬುಳು ಕುದೀಬೇಕು, ಮೇಲೆ ಕಂದು ಮಚ್ಚೆ ಬರ್ಬೇಕು. ಹೊರಗೆ ತೆಗೆದು ಹದಿನೈದು ನಿಮಿಷ ಮುಟ್ಬೇಡಿ, ಆರ್ತಾ ಆರ್ತಾನೇ ಸಾಸ್ ಮ್ಯಾಕರೋನಿಗೆ ಹಿಡ್ಕೊಳ್ಳೋದು.

ಹಳೇ ಚೀಟಿಗಳಲ್ಲಿ ಇನ್ನೂ ಒಂದು ತೊಂದರೆ ಇದೆ. "ಮಾಡರೇಟ್ ಓವನ್" ಅಂತ ಇದ್ರೆ ಸುಮಾರು 175ರಿಂದ 190 ಡಿಗ್ರಿ ಅಂತ ಇಟ್ಕೊಳ್ಳಿ. "ಒಂದು ಕಪ್" ಅಂದ್ರೆ ಅಮೆರಿಕದ ಅಳತೆಯಲ್ಲಿ 237 ಎಂಎಲ್, ಮೆಟ್ರಿಕ್‌ನಲ್ಲಿ 250, ಬರೆದವರು ಮನೇಲಿದ್ದ ಲೋಟದಲ್ಲೇ ಅಳೆದಿದ್ರೆ ಅದು ಎರಡೂ ಅಲ್ಲ. "ಒಂದು ಡಬ್ಬಿ" ಅಂತ ಇದ್ರೆ ಯಾವ ಡಬ್ಬಿ, ಎಷ್ಟು ಗ್ರಾಂದು ಅಂತ ಬರೆದವರನ್ನೇ ಕೇಳ್ಬೇಕು.

ಅದಕ್ಕೇ ನನ್ನ ದೊಡ್ಡ ಕೋರಿಕೆ ಇದು: ಮಾಡೋರು ಮನೇಲಿ ಇರುವಾಗ್ಲೇ ಒಂದ್ಸಲ ಪಕ್ಕದಲ್ಲಿ ನಿಂತ್ಕೊಳ್ಳಿ. ಎಷ್ಟು ಹಾಕ್ತೀರಾ ಅಂತ ಕೇಳಿದ್ರೆ ಅವರಿಗೂ ಹೇಳೋಕೆ ಬರಲ್ಲ, ಅಳೆದು ಹಾಕಿ ಅಂದ್ರೆ ಅವರ ಕೈ ಓಡಲ್ಲ. ಅಡುಗೆಗೆ ಮುಂಚೆ ಮೈದಾ ಡಬ್ಬಿ, ಬೆಣ್ಣೆ, ಚೀಸ್, ಹಾಲಿನ ಪಾತ್ರೆ ಎಲ್ಲಾ ತೂಕ ಮಾಡಿ ಬರೆದಿಟ್ಕೊಳ್ಳಿ, ಮುಗಿದ್ಮೇಲೆ ಇನ್ನೊಂದ್ಸಲ ತೂಗಿ. ಕಮ್ಮಿ ಆಗಿರೋದೇ ಅವರ ಅಳತೆ. ಫೋನನ್ನ ಬಾಣಲೆ ಕಡೆ ತಿರುಗಿಸಿ ವಿಡಿಯೋ ಮಾಡಿ, ಮುಖಕ್ಕಲ್ಲ, ಸಾಸ್ ಎಷ್ಟು ತೆಳ್ಳಗಿದ್ದಾಗ ಇಳಿಸಿದ್ರು ಅನ್ನೋದು ಅದರಲ್ಲಿ ಕಾಣ್ಬೇಕು. ಯಾವ ಟ್ರೇ, ಗಾಜಿಂದಾ ಲೋಹದ್ದಾ, ಎಷ್ಟು ಆಳ, ಅದನ್ನೂ ಬರೀರಿ. ಅಗಲ ಟ್ರೇಯಲ್ಲಿ ಬೇಗ ಒಣಗುತ್ತೆ.

ಉಳಿದಿದ್ದನ್ನ ಎರಡು ಗಂಟೆ ಒಳಗೆ ಫ್ರಿಡ್ಜ್‌ಗೆ ಇಡಿ, ಮೂರ್ನಾಲ್ಕು ದಿನ ಇರುತ್ತೆ. ಬಿಸಿ ಮಾಡುವಾಗ ಎರಡು ಚಮಚ ಹಾಲು ಚಿಮುಕಿಸಿ, ಫಾಯಿಲ್ ಮುಚ್ಚಿ ಓವನ್‌ಗೆ ಇಟ್ರೆ ಸಾಸ್ ಮತ್ತೆ ಸಡಿಲ ಆಗುತ್ತೆ. ನಿಮ್ಮನೇಲಿ ಮೇಲೆ ಬ್ರೆಡ್ ಪುಡಿ ಹಾಕ್ತಾರಾ, ಬರೀ ಚೀಸಾ, ಕಾಮೆಂಟಲ್ಲಿ ತಪ್ಪದೇ ಹೇಳಿ.