ವಿಂಚೆಸ್ಟರ್‌ಗೆ ಹೋದ್ರೆ ಪಾಯ ನೋಡಿ

ಎಲ್ರಿಗೂ ನಮಸ್ಕಾರ. ಇಂಗ್ಲೆಂಡಲ್ಲಿರೋ ಮಗನ ಮನೆಗೋ ಮಗಳ ಮನೆಗೋ ಹೋಗಿ, ಅವರು ಆಫೀಸಿಗೆ ಹೋದ್ಮೇಲೆ ಕಿಟಕಿ ಪಕ್ಕ ಕೂತು ಮಳೆ ಎಣಿಸ್ತಾರಲ್ಲ, ಆ ಅಪ್ಪ-ಅಮ್ಮಂದಿರಿಗೆ ಅಂತ್ಲೇ ಈ ಮಾತು. ಒಂದು ದಿನ ಲಂಡನ್ನಿನ ವಾಟರ್ಲೂ ಸ್ಟೇಷನ್ನಲ್ಲಿ ಟ್ರೈನ್ ಹತ್ತಿ, ಹೆಚ್ಚುಕಮ್ಮಿ ಒಂದು ಗಂಟೆಗೆ ವಿಂಚೆಸ್ಟರ್. ಪುಟ್ಟ ಊರು, ನಡ್ಕೊಂಡೇ ಸುತ್ತಬಹುದು. ಆದ್ರೆ ಅಲ್ಲಿನ ಕ್ಯಾಥೆಡ್ರಲ್ ಮುಂದೆ ಎಲ್ರೂ ಕತ್ತೆತ್ತಿ ಬಾಯಿಬಿಟ್ಕೊಂಡು ನಿಂತಿರ್ತಾರೆ, ನೀವು ಹಾಗೆ ಮಾಡ್ಬೇಡಿ. ಕೆಳಗೆ ನೋಡಿ. ನಾನು ಕಟ್ಟಡದ ಎಂಜಿನಿಯರ್, ನಂಗೆ ಪಾಯದ್ದೇ ಧ್ಯಾನ.

ಈ ಚರ್ಚ್ ಕಟ್ಟೋಕೆ ಶುರು ಮಾಡಿದ್ದು 1079ರಲ್ಲಿ, ಇಚ್ಚೆನ್ ನದಿ ಬಯಲಲ್ಲಿ, ಅಂದ್ರೆ ಜೌಗು ನೆಲ. ಆಮೇಲೆ ಪೂರ್ವದ ಕಡೆ ಬೆಳೆಸಿದಾಗ ಮರದ ದಿಮ್ಮಿ ಹಾಸಿ ಅದ್ರ ಮೇಲೇ ಕಲ್ಲು ಏರಿಸ್ಬಿಟ್ರು. ಏಳುನೂರು ವರ್ಷ ಹೇಗೋ ನಡೀತು, 1900 ದಾಟೋ ಹೊತ್ತಿಗೆ ಗೋಡೆ ಬಿರುಕು ಬಿಟ್ಟು ವಾಲ್ತಾ ಇದೆ. ಪಾಯ ಸರಿಮಾಡೋಣ ಅಂತ ಅಗೆದ್ರೆ ಗುಂಡಿ ತುಂಬಾ ನೀರು. ಪಂಪ್ ಹಾಕಿ ತೆಗೀಬಹುದಲ್ಲ ಅಂತೀರಿ. ತೆಗೆದ್ರೆ ನೀರಿನ ಜೊತೆ ಮಣ್ಣೂ ಬರುತ್ತೆ, ಗೋಡೆ ಕೂತೇ ಹೋಗುತ್ತೆ!

ಆಗ ಕರೆಸಿದ್ದು ವಿಲಿಯಂ ವಾಕರ್ ಅನ್ನೋ ಡೈವರ್‌ನ. ಸಮುದ್ರಕ್ಕಿಳಿಯೋ ಮನುಷ್ಯ ಚರ್ಚ್ ಕೆಳಗೆ ಇಳಿದ. 1906ರಿಂದ 1911ರವರೆಗೆ, ಮಣಭಾರದ ಡ್ರೆಸ್ಸು, ತಾಮ್ರದ ಹೆಲ್ಮೆಟ್ಟು, ನೀರು ಎಷ್ಟು ಕಪ್ಪು ಅಂದ್ರೆ ಕಣ್ಣಿಗೆ ಕೈ ಕಾಣಲ್ಲ, ಬರೀ ತಡಕಾಡ್ಕೊಂಡೇ ಕಾಂಕ್ರೀಟ್ ಮೂಟೆ ಜೋಡಿಸ್ದ, 25,000 ಮೂಟೆಗಿಂತ ಜಾಸ್ತಿ. ತಳ ಹೀಗೆ ಮುಚ್ಚಿದ್ಮೇಲೆ ನೀರು ಎತ್ತಿದ್ರು, ಮೇಸ್ತ್ರಿಗಳು ಇಳಿದು ಇಟ್ಟಿಗೆ ಕಟ್ಟಿದ್ರು, ಒಟ್ಟು 9 ಲಕ್ಷ ಇಟ್ಟಿಗೆ. ಡ್ರೆಸ್ ಬಿಚ್ಚಿ ಹಾಕ್ಕೊಳ್ಳೋದೇ ದೊಡ್ಡ ರಾಮಾಯಣ ಅಂತ ಊಟಕ್ಕೆ ಮೇಲೆ ಬಂದ್ರೂ ಹೆಲ್ಮೆಟ್ ಮಾತ್ರ ತೆಗೆದು ಕೂರ್ತಿದ್ದ. ಚರ್ಚ್ ಉಳೀತಲ್ಲ ಅಂತ 1912ರಲ್ಲಿ ಐದನೇ ಜಾರ್ಜ್ ದೊರೆ ಬಂದು ಪ್ರಾರ್ಥನೆ ಎಲ್ಲಾ ಆಯ್ತು.

ಇನ್ನು ತಮಾಷೆ ಕೇಳಿ. 1964ರಲ್ಲಿ ಇವನದೊಂದು ಪುಟ್ಟ ಪ್ರತಿಮೆ ಇಟ್ರು, ನೋಡಿದ್ರೆ ಮುಖ ಇವನದಲ್ಲ, ಆ ಕೆಲಸದ ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್‌ದು! ಗ್ರೂಪ್ ಫೋಟೋದಲ್ಲಿ ಎಡವಟ್ಟಾಗಿತ್ತು. ಸರಿಯಾದ ಮುಖದ ಪ್ರತಿಮೆ ಬಂದಿದ್ದು 2001ಕ್ಕೆ. ಎಂಜಿನಿಯರ್ ಆಗಿ ನಾನು ಖುಷಿ ಪಡ್ಬೇಕೋ ನಾಚ್ಕೋಬೇಕೋ ಗೊತ್ತಾಗಲ್ಲ.

ಟೈಮ್ ಆಯ್ತು ಅಂತ ಸ್ಟುಡಿಯೋ ಗಾಜಿನಾಚೆ ಕೈ ತೋರಿಸ್ತಿದಾರೆ, ಬೇಗ ಹೇಳ್ಬಿಡ್ತೀನಿ. ಚರ್ಚ್ ಒಳಗೆ ಜೇನ್ ಆಸ್ಟಿನ್ ಸಮಾಧಿ ಕಲ್ಲಿದೆ, ಅದೂ ನೆಲದಲ್ಲೇ, ಕೆಳಗೆ ನೋಡಿ ಅಂದ್ನಲ್ಲ. ಕಾದಂಬರಿ ಬರೆದೋಳು ಅಂತ ಆ ಕಲ್ಲಲ್ಲಿ ಒಂದಕ್ಷರ ಇಲ್ಲ. ನೆಲಮಾಳಿಗೇಲಿ ಚಳಿಗಾಲದ ಮಳೆಗೆ ಇವತ್ತಿಗೂ ನೀರು ನಿಲ್ಲುತ್ತೆ, ಆ ನೀರಲ್ಲೇ ಆಂಟನಿ ಗಾರ್ಮ್ಲಿ ಮಾಡಿದ ಮನುಷ್ಯನ ಶಿಲ್ಪ ನಿಂತಿದೆ, ಬಿಡ್ಬೇಡಿ. ಊರಲ್ಲಿರೋ ಹಳೇ ಕೋಟೆಯ ಗ್ರೇಟ್ ಹಾಲ್‌ನಲ್ಲಿ, ಕಥೇಲಿ ಬರೋ ಆರ್ಥರ್ ದೊರೆ ದುಂಡು ಮೇಜು ಅಂತ ತೋರಿಸ್ತಾರೆ, ಅದನ್ನ ಗೋಡೆ ಮೇಲೆ ನೇತುಹಾಕಿದಾರೆ, ಹೋಗ್ಲಿ ಬಿಡಿ.

ನದಿ ಪಕ್ಕದ ದಾರೀಲಿ ಒಂದು ಮೈಲಿ ನಡೆದ್ರೆ ಸೇಂಟ್ ಕ್ರಾಸ್ ಅನ್ನೋ ಹಳೇ ಧರ್ಮಛತ್ರ. ಬಂದ ದಾರಿಹೋಕರಿಗೆ ಅಲ್ಲಿ ಒಂದು ತುಂಡು ಬ್ರೆಡ್ಡು, ಒಂದು ಗುಟುಕು ಬಿಯರ್ ಕೊಡೋ ಪದ್ಧತಿ ಇದೆ, ಬಿಯರ್ ಬೇಡಾಂದ್ರೆ ಬ್ರೆಡ್ ತಗೊಳ್ಳಿ. ಆದ್ರೆ ಕೇಳಿದೋರಿಗೆ ಮಾತ್ರ. ಸಂಕೋಚ ಬಿಟ್ಟು ಬಾಗಿಲಲ್ಲೇ ಕೇಳಿ. ನಮಸ್ಕಾರ.