ಹುಡುಗರು ಗಟ್ಟಿಯಾಗಿ ಓದಲಿ

ನಮಸ್ಕಾರ. ಮನೆಯಲ್ಲಿ ಶಾಲೆಗೆ ಹೋಗುವ ಮಗ ಇರುವ ಅಪ್ಪ ಅಮ್ಮಂದಿರೇ, ಇವತ್ತಿನ ಮಾತು ನಿಮಗೆ. ಅಡಿಕೆ ಸುಲಿಯುತ್ತಾ ಕೇಳಿದರೂ ಸರಿ.

2024ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆ ರಾಜ್ಯಕ್ಕೇ ಮೂರನೆಯದು. ಖುಷಿಯ ವಿಷಯ. ಆದರೆ ಇಡೀ ರಾಜ್ಯದ ಲೆಕ್ಕ ನೋಡಿ. ನೂರು ಹುಡುಗಿಯರಲ್ಲಿ 81 ಜನ ಪಾಸು. ನೂರು ಹುಡುಗರಲ್ಲಿ 66 ಮಾತ್ರ. ಮರುವರ್ಷ 74 ಮತ್ತು 58. 'ಬಾಲಕಿಯರದೇ ಮೇಲುಗೈ' ಅಂತ ಓದಿ ಶಭಾಷ್ ಅನ್ನುತ್ತೇವೆ. ಅನ್ನಲೇಬೇಕು. ಆದರೆ ಹುಡುಗರಿಗೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ.

"ಗಂಡು ಹುಡುಗ ಅಲ್ವಾ, ಬಿಡಿ ಮೇಷ್ಟ್ರೇ." ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹುಡುಗರು ದಡ್ಡರಲ್ಲ. ಅವರಿಗೆ ಸರಾಗವಾಗಿ ಓದಲು ಬರುತ್ತಿಲ್ಲ. ಅಷ್ಟೇ.

ತೀರ್ಥಹಳ್ಳಿ ಕಡೆ ನಾನು ಪಾಠ ಮಾಡುವಾಗ ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಲು ಶುರುವಾದರೆ ವಾರಗಟ್ಟಲೆ ತೋಟದಲ್ಲೇ. ಎಷ್ಟು ಮರ, ಎಷ್ಟು ಕೊನೆ, ಎಷ್ಟು ಕೂಲಿ, ಎಲ್ಲ ಬಾಯಲ್ಲೇ ಲೆಕ್ಕ ಹಾಕುತ್ತಿದ್ದ. ಪರೀಕ್ಷೆಯಲ್ಲಿ ಮಾತ್ರ ಗಣಿತಕ್ಕೆ ಐದೋ ಆರೋ ಅಂಕ. ಒಂದು ದಿನ ಪ್ರಶ್ನೆಯನ್ನು ನಾನೇ ಓದಿ ಹೇಳಿದೆ. ತಕ್ಷಣ ಸರಿ ಉತ್ತರ ಕೊಟ್ಟ! ಲೆಕ್ಕ ಅವನಿಗೆ ಬರುತ್ತಿತ್ತು, ಪ್ರಶ್ನೆ ಓದುವುದು ಬರುತ್ತಿರಲಿಲ್ಲ. ಒತ್ತಕ್ಷರ ಬಂದರೆ ಅಲ್ಲೇ ನಿಲ್ಲುತ್ತಿದ್ದ. ಅದು ಗೊತ್ತಾಗಬಾರದು ಅಂತಲೇ ಹಿಂದಿನ ಬೆಂಚಿನಲ್ಲಿ ಕೂತು ಗಲಾಟೆ ಮಾಡುತ್ತಿದ್ದ. ಎಲ್ಲರೂ ಪೋಕರಿ ಅಂದರು. ನಾನೂ ಅಂದಿದ್ದೆ.

ಚಿಕ್ಕ ಮಕ್ಕಳ ಪುಸ್ತಕ ಕೊಟ್ಟೆ. ನಾಚಿಕೆಯಿಂದ ಮುಟ್ಟಲಿಲ್ಲ. ಆಮೇಲೆ ಪೇಪರಿನ ಅಡಿಕೆ ಧಾರಣೆ ಕೊಟ್ಟೆ. ಶಿವಮೊಗ್ಗ ಮಾರುಕಟ್ಟೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬಗೆಗಳು. ಬೆಟ್ಟೆಯಲ್ಲಿ ಒತ್ತಕ್ಷರ, ಮಾರುಕಟ್ಟೆಯಲ್ಲಿ ಒತ್ತಕ್ಷರ, ಕ್ವಿಂಟಾಲಿನಲ್ಲೂ ಒತ್ತಕ್ಷರ! ದಿನಾ ಸಂಜೆ ಅದನ್ನು ಅಜ್ಜನಿಗೆ ಓದಿ ಹೇಳಬೇಕು ಅಂದೆ. ಅಜ್ಜನಿಗೆ ಕಣ್ಣು ಮಂಜು. ರಾಶಿ ಎಷ್ಟಾಯಿತು ಅಂತ ಕಾದು ಕೂರುತ್ತಿದ್ದರು. ಒಂದು ತಿಂಗಳಾದ ಮೇಲೆ "ಕೆಳಗಿನ ಸುದ್ದಿನೂ ಓದೋ ಮಾರಾಯ" ಅಂದರಂತೆ. ಮಳೆಗಾಲದ ಹೊತ್ತಿಗೆ ಹುಡುಗ ಇಡೀ ಪೇಪರ್ ಓದುತ್ತಿದ್ದ. ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ 71 ಬಂತು.

ಸಮಯ ಕಡಿಮೆ ಇದೆ. ಮೊಬೈಲು, ದಿನಗೂಲಿಯ ಆಸೆ, ಇವೂ ಕಾರಣಗಳೇ. ಇನ್ನೊಂದು, ಮಗಳು ಆರು ಗಂಟೆಗೆ ಮನೆ ಸೇರಬೇಕು ಅನ್ನುತ್ತೀರಿ, ಮಗ ಎಂಟಕ್ಕೆ ಬಂದರೂ ಎಲ್ಲಿದ್ದೆ ಅಂತ ಕೇಳುವುದಿಲ್ಲ. ಆದರೆ ಮೊದಲು ಓದು. ಓದಲು ಬಾರದವನಿಗೆ ಶಾಲೆಯಲ್ಲಿ ಕೂರುವುದೇ ಶಿಕ್ಷೆ.

ಅಪ್ಪಂದಿರೇ, ಇದನ್ನು ಅಮ್ಮನ ಮೇಲೆ ಹಾಕಬೇಡಿ. ಇವತ್ತು ರಾತ್ರಿ ಊಟಕ್ಕೆ ಮುಂಚೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹತ್ತೇ ನಿಮಿಷ. ಧಾರಣೆಯೋ, ಕ್ರಿಕೆಟ್ಟೋ, ಏನಾದರೂ ಸರಿ. ಅವನು ಗಟ್ಟಿಯಾಗಿ ಓದಲಿ, ನೀವು ಕೇಳಿ. ತಡವರಿಸಿದರೆ ಬೈಯಬೇಡಿ, ಸುಮ್ನೆ ಕಾಯಿರಿ. ನಮಸ್ಕಾರ.