ಮಾಸ್ಲೋ ತ್ರಿಕೋನ, ಸಿಕ್ಸಿಕಾದ ಬೇಸಿಗೆ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಲ್ಲಿ ಸೈಕಾಲಜಿ ಪಾಠ ಮಾಡಿ ರಿಟೈರ್ ಆದವಳು. ಬೋರ್ಡ್ ಮೇಲೆ ನಾನು ಅತಿ ಹೆಚ್ಚು ಸಲ ಬರ್ದಿರೋ ಚಿತ್ರ ಅಂದ್ರೆ ಮಾಸ್ಲೋ ತ್ರಿಕೋನ, ಅಂದ್ರೆ ಅಮೆರಿಕದ ಮನಶ್ಶಾಸ್ತ್ರಜ್ಞ ಮಾಸ್ಲೋ ಹೇಳಿದ ಮನುಷ್ಯನ ಅಗತ್ಯಗಳ ಮೆಟ್ಟಿಲು. ಬಿಎಡ್ ಮಾಡಿದೋರಿಗೆ, ಎಂಬಿಎ ಮಾಡಿದೋರಿಗೆ ಎಲ್ಲಾ ಗೊತ್ತಿರತ್ತೆ, ಕೆಳಗೆ ಅನ್ನ ನೀರು, ಅದರ ಮೇಲೆ ಭದ್ರತೆ, ಆಮೇಲೆ ಪ್ರೀತಿ, ಆಮೇಲೆ ಗೌರವ, ತುದೀಲಿ ಸೆಲ್ಫ್ ಆಕ್ಚುಯಲೈಸೇಷನ್, ಅಂದ್ರೆ ತನ್ನೊಳಗಿನ ಶಕ್ತೀನ ಪೂರ್ತಿ ಅರಳಿಸ್ಕೊಳ್ಳೋದು. ತಮಾಷೆ ಏನಪ್ಪಾ ಅಂದ್ರೆ 1943ರಲ್ಲಿ ಮಾಸ್ಲೋ ಬರೆದ ಮೂಲ ಲೇಖನದಲ್ಲಿ ತ್ರಿಕೋನವೇ ಇಲ್ಲ, ಅದನ್ನ ಆಮೇಲೆ ಮ್ಯಾನೇಜ್ಮೆಂಟ್‌ನೋರು ಬರ್ಕೊಂಡಿದ್ದು. ಇದು ನನಗೆ ಗೊತ್ತಾಗಿದ್ದು ರಿಟೈರ್ ಆದ ಮೇಲೆ. ಹೇಳಕ್ಕೆ ನಾಚಿಕೆ ಆಗತ್ತೆ, ಆದ್ರೂ ಹೇಳ್ತಿದೀನಿ.

ಹಿಂದೊಮ್ಮೆ ಕೆನಡಾದ ಕ್ಯಾಲ್ಗರೀಲಿ ಮಗನ ಮನೇಲಿದ್ದೆ. ಒಂದು ಭಾನುವಾರ ಅವನು ಕಾರಲ್ಲಿ ಪೂರ್ವದ ಕಡೆ ಒಂದು ಗಂಟೆ ದೂರ ಕರ್ಕೊಂಡು ಹೋದ, ಸಿಕ್ಸಿಕಾ ಅನ್ನೋ ಜಾಗಕ್ಕೆ, ಬ್ಲ್ಯಾಕ್‌ಫುಟ್ ಅನ್ನೋ ಮೂಲನಿವಾಸಿ ಜನರ ಊರದು. ಅವರ ಹಿರಿಯರು 1877ರಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿಗಳ ಜೊತೆ ಟ್ರೀಟಿ ಸೆವೆನ್ ಅನ್ನೋ ನೆಲದ ಒಪ್ಪಂದಕ್ಕೆ ಸಹಿ ಹಾಕಿದ್ದು ಅಲ್ಲೇ. ಈಗ ಅಲ್ಲೊಂದು ಮ್ಯೂಸಿಯಂ ಇದೆ, ಕೆಳಗಡೆ ಬೋ ನದಿ ಹರಿಯತ್ತೆ, ಮರ ಕಮ್ಮಿ, ಬರೀ ಹುಲ್ಲು, ಗಾಳಿ ಅಂದ್ರೆ ಸೀರೆ ಸೆರಗು ನಿಲ್ಲಲ್ಲ. ಮಗ ನಗ್ತಾ ಕೇಳ್ದ, ಅಮ್ಮಾ, ನಿನ್ನ ಮಾಸ್ಲೋ ಇಲ್ಲಿಗೆ ಬಂದಿದ್ದ ಗೊತ್ತಾ ಅಂತ.

ನಿಜ. 1938ರ ಬೇಸಿಗೇಲಿ ಮೂವತ್ತು ವರ್ಷದ ಹುಡುಗ ಮಾಸ್ಲೋ ನ್ಯೂಯಾರ್ಕಿಂದ ಬಂದು ಕೆಲವು ವಾರ ಇಲ್ಲಿದ್ದ, ಮಾನವಶಾಸ್ತ್ರದ ರುತ್ ಬೆನೆಡಿಕ್ಟ್ ಹೋಗಿ ನೋಡು ಅಂದಿದ್ರು ಅಂತ. ಒಬ್ಬರ ಮೇಲೊಬ್ಬರು ದರ್ಬಾರು ಮಾಡೋದು ಎಲ್ಲಾ ಜನರಲ್ಲೂ ಇರತ್ತಾ ಅಂತ ನೋಡೋ ಆಸೆ ಅವನಿಗೆ. ಇಲ್ಲಿ ಕಂಡಿದ್ದೇ ಬೇರೆ. ಕೂಡಿಟ್ಟೋನಲ್ಲ, ಹಬ್ಬದ ದಿನ ಎಲ್ಲರ ಮುಂದೆ ಇದ್ದಿದ್ದನ್ನೆಲ್ಲಾ ಹಂಚಿಬಿಟ್ಟೋನೇ ಇಲ್ಲಿ ದೊಡ್ಡ ಮನುಷ್ಯ. ಜನರಿಗೆ ತಮ್ಮ ಮೇಲೆ ತಮಗೆ ಇದ್ದ ಭರವಸೆ ನೋಡಿ ಅವನಿಗೆ ಆಶ್ಚರ್ಯ ಆಗಿತ್ತು.

ಮಾಸ್ಲೋ ತನ್ನ ಸಿದ್ಧಾಂತವನ್ನ ಬ್ಲ್ಯಾಕ್‌ಫುಟ್ ಜನರಿಂದ ಕದ್ದ ಅಂತ ಈಗ ವಾಟ್ಸಾಪಲ್ಲಿ ಓಡಾಡ್ತಿದೆ, ಅಷ್ಟು ಸಲೀಸಾಗಿ ಹಾಗನ್ನೋಕಾಗಲ್ಲ. ನನ್ನ ತಲೆ ತಿನ್ನೋದು ಬೇರೆ ವಿಷ್ಯ. ಅವನು ಬಂದ ಕಾಲಕ್ಕೆ ಸಿಕ್ಸಿಕಾದಲ್ಲಿ ಓಲ್ಡ್ ಸನ್ ಅಂತ ಚರ್ಚಿನೋರು ನಡೆಸೋ ವಸತಿ ಶಾಲೆ ಇತ್ತು, ಹತ್ರದಲ್ಲೇ ಕ್ರೋಫುಟ್ ಅಂತ ಇನ್ನೊಂದು. ಮಕ್ಕಳನ್ನ ತಾಯಿ ಮಡಿಲಿಂದ ಕಿತ್ಕೊಂಡು ಹೋಗಿ, ಕೂದಲು ಕತ್ತರಿಸಿ, ಮನೆ ಭಾಷೆ ಆಡಿದ್ರೆ ಹೊಡಿಯೋ ಶಾಲೆಗಳು ಇವು, ಇಡೀ ಕೆನಡಾದಲ್ಲಿ ಸುಮಾರು 1,50,000 ಮಕ್ಕಳು ಇಂಥ ಕಡೆ ಬೆಳೆದ್ರು, ಎಷ್ಟೋ ಮಕ್ಕಳು ವಾಪಸ್ ಬರ್ಲೇ ಇಲ್ಲ. ಅನ್ನ ನೀರಿನ ಮೇಲಿನ ಮೆಟ್ಟಿಲು ಭದ್ರತೆ, ಅದರ ಮೇಲೆ ಪ್ರೀತಿ ಅಂತ ಮುಂದೆ ಬರೆಯೋ ಮನುಷ್ಯ ಇದೇ ಊರಲ್ಲಿ ಓಡಾಡಿದಾನೆ. ಮಾಸ್ಲೋ ಹೆಸರು ಹೇಳ್ಕೊಂಡು ಸಂಬಳ ತಗೊಂಡ ನಾವ್ಯಾರೂ ಆ ಶಾಲೆ ಹೆಸರು ಕ್ಲಾಸಲ್ಲಿ ಎತ್ತಲಿಲ್ಲ.

ಮಾಸ್ಲೋ ನೋಡಿ ಹೋದ ಅಷ್ಟೆ, ಅಳತೆಕೋಲು ಹಿಡ್ಕೊಂಡು ಬಂದೋರ ಕಥೆ ಇನ್ನೂ ಕೆಟ್ಟದು. ಕ್ಯಾಲ್ಗರಿ, ಸಿಕ್ಸಿಕಾ ಇರೋ ಆಲ್ಬರ್ಟಾ ಪ್ರಾಂತ್ಯದ ರಾಜಧಾನಿ ಎಡ್ಮಂಟನ್. ಅಲ್ಲಿನ ಯೂನಿವರ್ಸಿಟೀಲಿ ಫಿಲಾಸಫಿ ಮತ್ತು ಸೈಕಾಲಜಿ ವಿಭಾಗ ಕಟ್ಟಿದೋರು ಜಾನ್ ಮೆಕ್ಈಕ್ರನ್ ಅನ್ನೋ ಪ್ರೊಫೆಸರ್. 1928ರಲ್ಲಿ ಅಲ್ಲಿ ಒಂದು ಕಾನೂನು ಬಂತು, ಬುದ್ಧಿ ಕಮ್ಮಿ ಅಂತ ಸರ್ಕಾರದ ಒಂದು ಬೋರ್ಡ್ ತೀರ್ಮಾನ ಮಾಡಿದೋರಿಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಬಹುದು ಅಂತ. ಆ ಬೋರ್ಡಿಗೆ 1929ರಿಂದ 1965ರ ತನಕ ಈ ಪ್ರೊಫೆಸರೇ ಅಧ್ಯಕ್ಷರು. 1972ರಲ್ಲಿ ಕಾನೂನು ರದ್ದಾಗೋ ಹೊತ್ತಿಗೆ 2,800ಕ್ಕೂ ಹೆಚ್ಚು ಜನಕ್ಕೆ ಆಪರೇಷನ್ ಆಗಿತ್ತು. ಅದ್ರಲ್ಲಿ ಮೂಲನಿವಾಸಿಗಳ ಪಾಲು ಅವರ ಜನಸಂಖ್ಯೆ ಲೆಕ್ಕಕ್ಕಿಂತ ತುಂಬಾ ಜಾಸ್ತಿ. ಕಡತದಲ್ಲಿ ಸಾಕ್ಷಿ ಏನು ಗೊತ್ತಾ, ಐಕ್ಯೂ ನಂಬರ್. ಮನೇಲಿ ಕ್ರೀ ಅನ್ನೋ ಮೂಲನಿವಾಸಿ ಭಾಷೆ ಆಡೋ ಹುಡುಗಿಗೆ ಇಂಗ್ಲಿಷಲ್ಲಿ ಪ್ರಶ್ನೆ ಕೇಳಿ ನಂಬರ್ ಹಾಕಿದ್ರೆ ಆ ನಂಬರ್ ಯಾವುದರ ಅಳತೆ ಸ್ವಾಮಿ? ನಮ್ಮ ಕಡೆ ವಿ. ವಿ. ಕಾಮತ್ ಅವರು 1930ರ ದಶಕದಲ್ಲೇ ಬುದ್ಧಿ ಅಳೆಯೋ ಬಿನೆ ಪರೀಕ್ಷೇನ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ರು, ಮಗೂಗೆ ಅದರ ಮಾತಲ್ಲೇ ಕೇಳ್ಬೇಕು ಅನ್ನೋಷ್ಟು ವಿವೇಕ ಇತ್ತು.

ಇಲ್ಲೊಂದು ಅಡ್ಡಮಾತು ಹೇಳ್ಬಿಡ್ತೀನಿ, ರೇಡಿಯೋದಲ್ಲಿ ಕೂತು ಹೇಳದೇ ಇದ್ರೆ ಹೇಗೆ. ಈ ಮೆಕ್ಈಕ್ರನ್ ಜರ್ಮನಿಯ ಲೈಪ್‌ಜಿಗಲ್ಲಿ ಪ್ರಯೋಗದ ಸೈಕಾಲಜಿಗೆ ಬುನಾದಿ ಹಾಕಿದ ವುಂಟ್ ಹತ್ರ ಓದಿದೋರು. ಬುದ್ಧಿ ಅಳತೆಗೆ ಹೆಸರಾದ ಲಂಡನ್ನಿನ ಸ್ಪಿಯರ್‌ಮನ್ ಕೂಡ ವುಂಟ್ ಶಿಷ್ಯರೇ. ಆ ಸ್ಪಿಯರ್‌ಮನ್ ಹತ್ರ ಓದಿ ಬಂದು ಮೈಸೂರಲ್ಲಿ ಸೈಕಾಲಜಿ ವಿಭಾಗ ಬೆಳೆಸಿದೋರು ನಮ್ಮ ಎಂ. ವಿ. ಗೋಪಾಲಸ್ವಾಮಿ, 1935ರಲ್ಲಿ ಮನೆಯಲ್ಲೇ ಆಕಾಶವಾಣಿ ಅಂತ ಬಾನುಲಿ ಶುರು ಮಾಡಿದೋರೂ ಅವರೇ. ಒಂದೇ ಗುರುಮನೆ, ಒಂದು ಕವಲು ಬಾನುಲಿ ಕಟ್ಟಿತು, ಇನ್ನೊಂದು ಆ ಬೋರ್ಡಿನ ಕುರ್ಚೀಲಿ ಕೂತಿತು. ವಂಶ ನಮ್ದೂ ಅದೇ, ಆ ಪಾಪ ದೂರದೋರದ್ದು ಅಂತ ಕೈ ತೊಳ್ಕೊಳಕ್ಕೆ ನನಗೆ ಮನಸ್ಸು ಬರಲ್ಲ.

ಈಗ ಕೆನಡಾದಲ್ಲಿ ರಿಕನ್ಸಿಲಿಯೇಷನ್ ಅಂತಾರೆ. ಕನ್ನಡದಲ್ಲಿ ರಾಜಿ ಅನ್ನೋಣ ಅಂದ್ರೆ ರಾಜೀಲಿ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಕೊಡ್ಬೇಕು, ಅರಳಿಕಟ್ಟೆ ಪಂಚಾಯ್ತಿ ಥರ. ಇಲ್ಲಿ ಒಂದು ಕಡೆಯೋರು ಏನನ್ನ ಬಿಟ್ಕೊಡ್ಬೇಕು, ಎಲ್ಲಾ ಕಿತ್ಕೊಂಡಾಗಿದೆ. ಅದಕ್ಕೇ ಆ ವಸತಿ ಶಾಲೆಗಳ ಬಗ್ಗೆ ವಿಚಾರಣೆ ಮಾಡಿದ ಟ್ರುಥ್ ಅಂಡ್ ರಿಕನ್ಸಿಲಿಯೇಷನ್ ಆಯೋಗದ ಹೆಸರಲ್ಲಿ ಸತ್ಯ ಅನ್ನೋ ಮಾತು ಮೊದಲು ಬರತ್ತೆ. ಮರ್ರೇ ಸಿಂಕ್ಲೇರ್ ಅನ್ನೋ ಮೂಲನಿವಾಸಿ ಜಡ್ಜ್ ಅಧ್ಯಕ್ಷತೇಲಿ ಸಾವಿರಾರು ಜನರ ಮಾತು ಕೇಳಿ 2015ರಲ್ಲಿ 94 ಕೆಲಸಗಳ ಪಟ್ಟಿ ಕೊಟ್ರು. ಕೆನಡಾದ ಸೈಕಾಲಜಿ ಸಂಘದೋರು 2018ರಲ್ಲಿ ಅದಕ್ಕೆ ಉತ್ತರ ಬರೆದು, ನಮ್ಮ ಪರೀಕ್ಷೆ, ನಮ್ಮ ಚಿಕಿತ್ಸೆ, ನಮ್ಮ ಸಂಶೋಧನೆ ಈ ಜನಕ್ಕೆ ಕೇಡು ಮಾಡಿದೆ ಅಂತ ಒಪ್ಕೊಂಡ್ರು. ಅದ್ರಲ್ಲೇ ಒಂದು ಲೆಕ್ಕ ಇದೆ, ಹದಿನಾರು ಲಕ್ಷಕ್ಕೂ ಹೆಚ್ಚು ಮೂಲನಿವಾಸಿಗಳಿರೋ ದೇಶದಲ್ಲಿ ಪಾಠ ಮಾಡೋ ಅಥವಾ ಚಿಕಿತ್ಸೆ ಕೊಡೋ ಮೂಲನಿವಾಸಿ ಸೈಕಾಲಜಿಸ್ಟ್‌ಗಳು ಆಗ ಅಂದಾಜು ಒಂದು ಡಜನ್ನೂ ಇರಲಿಲ್ಲ. ಆಸ್ಟ್ರೇಲಿಯಾದ ಸೈಕಾಲಜಿ ಸಂಘ ಅದಕ್ಕೂ ಮುಂಚೆ, 2016ರಲ್ಲೇ ಕ್ಷಮೆ ಕೇಳಿತ್ತು, ಮಕ್ಕಳನ್ನ ಕಿತ್ಕೊಳ್ಳೋವಾಗ ಬಾಯಿ ಮುಚ್ಕೊಂಡಿದ್ವಿ ಅನ್ನೋದನ್ನೂ ಸೇರಿಸಿ.

ಕ್ಷಮೆ ಒಂದು ಮಧ್ಯಾಹ್ನದ ಕೆಲಸ ರೀ. ಪ್ರತಿ ಮೀಟಿಂಗ್ ಶುರುವಲ್ಲಿ ಇದು ಇಂಥವರ ನೆಲ ಅಂತ ಒಂದು ಪ್ಯಾರಾ ಓದೋದು ಅಲ್ಲೀಗ ರೂಢಿ, ಕೆಲವರು ಮನಸಿಟ್ಟು ಓದ್ತಾರೆ, ಕೆಲವರು ನಮ್ಮಲ್ಲಿ ಸಭೇಲಿ ಸ್ವಾಗತ ಭಾಷಣ ಮುಗಿಸೋ ಥರ ಮುಗಿಸ್ತಾರೆ. ಕಷ್ಟ ಇರೋದು ಸಿಲಬಸಲ್ಲಿ, ಪ್ರಶ್ನೆ ಯಾರು ಕೇಳ್ಬೇಕು ಅನ್ನೋದ್ರಲ್ಲಿ.

ಚ್ಯಾಂಡ್ಲರ್, ಲಲಾಂಡ್ ಅನ್ನೋ ಇಬ್ಬರು ಸೈಕಾಲಜಿಸ್ಟ್‌ಗಳು 1998ರಲ್ಲಿ ಒಂದು ಅಧ್ಯಯನ ಬರೆದ್ರು. ಆಲ್ಬರ್ಟಾ ಪಕ್ಕದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಮೂಲನಿವಾಸಿ ಹುಡುಗರ ಆತ್ಮಹತ್ಯೆ ಜಾಸ್ತಿ ಅಂತ ಎಲ್ಲರೂ ಹೇಳ್ತಿದ್ರು. ಇವರು ಸರಾಸರಿ ಬಿಟ್ಟು ಸುಮಾರು ಇನ್ನೂರು ಸಮುದಾಯಗಳನ್ನ ಒಂದೊಂದಾಗಿ ನೋಡಿದ್ರು. ಅರ್ಧಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಅವರು ಲೆಕ್ಕ ಹಾಕಿದ ಐದು ವರ್ಷದಲ್ಲಿ ಒಂದೂ ಆತ್ಮಹತ್ಯೆ ಇಲ್ಲ, ಕೆಲವು ಕಡೆ ಮಾತ್ರ ಭಯಂಕರ. ಎಲ್ಲಿ ಶಾಲೆ, ಆಸ್ಪತ್ರೆ, ಪೊಲೀಸು, ಆಡಳಿತ, ನೆಲದ ಹಕ್ಕಿನ ಹೋರಾಟ, ತಮ್ಮ ಸಂಸ್ಕೃತಿಗೊಂದು ಜಾಗ ಇವೆಲ್ಲಾ ಅವರ ಕೈಲೇ ಇತ್ತೋ ಅಲ್ಲಿ ಹುಡುಗರು ಉಳ್ಕೊಂಡಿದ್ರು. ಮುಂದೆ ಭಾಷೆ ಬಗ್ಗೆ ನೋಡಿದಾಗಲೂ ಹಾಗೇ, ಅರ್ಧ ಜನಕ್ಕಿಂತ ಹೆಚ್ಚು ತಮ್ಮ ಮಾತಾಡೋ ಕಡೆ ಸಾವು ತೀರಾ ಕಮ್ಮಿ. ನಾನು ಅಷ್ಟು ವರ್ಷ ಖಿನ್ನತೆ ಅಂದ್ರೆ ಒಬ್ಬ ವ್ಯಕ್ತಿಯ ತಲೆಯೊಳಗಿನ ವಿಷ್ಯ ಅಂತ ಪಾಠ ಮಾಡಿದೀನಿ, ಇದನ್ನ ಓದಿ ಎರಡು ದಿನ ಸುಮ್ಮನೆ ಕೂತಿದ್ದೆ.

ಓಲ್ಡ್ ಸನ್ ಶಾಲೆ ಕಟ್ಟಡ ಇನ್ನೂ ಇದೆ, 1971ರಲ್ಲಿ ಅದು ಕಾಲೇಜಾಯ್ತು, ಈಗ ಅದನ್ನ ಸಿಕ್ಸಿಕಾದೋರೇ ನಡೆಸ್ತಾರೆ.

ವಾಪಸ್ ಬಂದ ಮೇಲೆ ಅಣ್ಣನ ಮೊಮ್ಮಗಳು ನೋಟ್ಸ್ ಹಿಡ್ಕೊಂಡು ಬಂದ್ಲು, ಮಾಸ್ಲೋ ಸಿದ್ಧಾಂತ ಚಿತ್ರಸಹಿತ ವಿವರಿಸಿ, ಹತ್ತು ಅಂಕ. ಸಿಕ್ಸಿಕಾ ಕಥೆ ಎಲ್ಲಾ ಹೇಳ್ದೆ, ಕಣ್ಣರಳಿಸಿ ಕೇಳಿಸ್ಕೊಂಡ್ಲು. ಆಮೇಲೆ, ಅಜ್ಜಿ, ಇದನ್ನ ಬರೆದ್ರೆ ಮಾರ್ಕ್ಸ್ ಕೊಡ್ತಾರಾ ಅಂದ್ಲು. ನಾನೇ ಪೇಪರ್ ತಿದ್ದಿದೋಳಲ್ವಾ, ಗೊತ್ತಿತ್ತು. ಮೊದ್ಲು ತ್ರಿಕೋನ ಬರೆದ್ಬಿಡಮ್ಮ, ಜಾಗ ಉಳಿದ್ರೆ ಕೆಳಗೆ ಇದನ್ನ ಬರಿ ಅಂದೆ. ನಮಸ್ಕಾರ.